ತೀರ್ಥಹಳ್ಳಿಯ ತಿ

ನನ್ನ ಮೇಜಿನ ಕೆಳಖಾನೆಯಲ್ಲಿ ನೀಲಿ ರಟ್ಟಿನ ಫೈಲೊಂದಿದೆ. ಅದರಲ್ಲಿ ಒಂದೇ ಹಾಳೆ. 2003ರ ಮಳೆಗಾಲದಲ್ಲಿ ನಾನೇ ಟೈಪ್ ಮಾಡಿದ್ದು. ಎಡಗಡೆಯ ಕಾಲಮ್ಮಿನಲ್ಲಿ ಮೂರು ತಾಲ್ಲೂಕುಗಳ ಹೆಸರು ಒಂದರ ಕೆಳಗೊಂದು ಬಂದಿವೆ. ಸಾಗರ ಸರಿಯಾಗಿದೆ. ಹೊಸನಗರ ಸರಿಯಾಗಿದೆ. ಮೂರನೆಯ ಸಾಲಿನಲ್ಲಿ ತೀರ್ಥಹಳ್ಳಿ ಇರಬೇಕಿತ್ತು. ಅಲ್ಲಿರುವುದು ತಲೆಕಟ್ಟಿಲ್ಲದ ಬೋಳು ಘ, ಅದರ ಪಕ್ಕಕ್ಕೆ ದೀರ್ಘದ ಕೊಂಡಿ, ಅದಾದ ಮೇಲೆ ಯಾವ ಊನವೂ ಇಲ್ಲದ 'ರ್ಥಹಳ್ಳಿ'.

ನಾನು ಒತ್ತಿದ್ದು ತಿ, ಅದಕ್ಕೆ ದೀರ್ಘ. ಪರದೆಯ ಮೇಲೂ ತೀ ಎಂದೇ ಬಂದಿತ್ತು. ಊರಿನ ಹೆಸರು ಮುಗಿಸಿ ಸ್ಪೇಸ್ ಒತ್ತಿದೆ, ಕಣ್ಣು ಪಕ್ಕದ ಕೈಬರಹದ ಚೀಟಿಗೆ ಹೋಯಿತು. ಆ ಒಂದು ಗಳಿಗೆಯಲ್ಲಿ ಅಕ್ಷರ ಬದಲಾಗಿಹೋಗಿತ್ತು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡಿಕೊಡುವ ಸವಲತ್ತೊಂದು ನಾನು ಟೈಪ್ ಮಾಡುತ್ತಿದ್ದ ತಂತ್ರಾಂಶದಲ್ಲಿತ್ತು. ಅದು ಇಂಗ್ಲಿಷಿಗೆಂದು ಮಾಡಿದ್ದು. ಕನ್ನಡಕ್ಕೆ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಇಲ್ಲದ ಆ ದೊಡ್ಡಕ್ಷರ ನಮ್ಮ ಕಡೆಯ ಕಾಗದಪತ್ರಗಳಲ್ಲಿ ಹತ್ತು ಹದಿನೈದು ವರ್ಷ ಏನೇನು ಮಾಡಿತು ಎಂಬುದನ್ನು ಬರೆದಿಡಬೇಕೆಂದು ನನಗೆ ಬಹಳ ದಿನದಿಂದ ಇದೆ. ಆ ಕಾಲದ ಟೈಪಿಂಗ್ ಕೆಲಸ ಬಲ್ಲವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ.

ನನ್ನ ಅಪ್ಪಯ್ಯ ಸಾಗರ ಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಇಳಿಜಾರಾಗಿ ನಿಲ್ಲಿಸಿದ ಮರದ ಕೇಸುಗಳು, ಅವುಗಳಲ್ಲಿ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದು ಬಲಗೈಯಲ್ಲಿ ಮೊಳೆ ಹೆಕ್ಕುವಾಗ ಅಪ್ಪಯ್ಯನ ಕಣ್ಣು ಕೇಸಿನ ಮೇಲೆ ಇರುತ್ತಲೇ ಇರಲಿಲ್ಲ. ಬೆರಳಿಗೇ ಎಲ್ಲ ಮನೆಗಳ ವಿಳಾಸ ಗೊತ್ತಿತ್ತು. ಕ-ದ ಮನೆ, ಕಾ-ದ ಮನೆ, ಕಿ-ದ ಮನೆ, ಒತ್ತುಗಳಿಗೆ ಬೇರೆ ಮನೆ. ಹೆಚ್ಚು ಬಳಕೆಯ ಅಕ್ಷರಕ್ಕೆ ಕೈಗೆ ಹತ್ತಿರದ ದೊಡ್ಡ ಮನೆ. ಋ, ಞ ಮುಂತಾದವಕ್ಕೆ ಮೂಲೆಯಲ್ಲಿ ಜಾಗ.

ಗೋಡೆಯ ಪಕ್ಕ ಇಂಗ್ಲಿಷಿನ ಜೋಡಿ ಪೆಟ್ಟಿಗೆ ಇತ್ತು. ಮೇಲಿನದರಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಇಂಗ್ಲಿಷಿನಲ್ಲಿ ಅಪ್ಪರ್ ಕೇಸ್, ಲೋಯರ್ ಕೇಸ್ ಎಂಬ ಹೆಸರು ಹುಟ್ಟಿದ್ದೇ ಈ ಪೆಟ್ಟಿಗೆಗಳ ಮೇಲು-ಕೆಳಗಿನಿಂದ. ಮದುವೆ ಕಾಗದದಲ್ಲಿ ಗಂಡಿನ ಹೆಸರಿನ ಮುಂದೆ ಓದಿನ ಪದವಿ ಹಾಕಲಿಕ್ಕೆ ಬಿಟ್ಟರೆ ಅದರ ಅವಶ್ಯಕತೆ ಬೀಳುತ್ತಿರಲಿಲ್ಲ, ಆದ್ದರಿಂದ ಅಪ್ಪಯ್ಯ ಅದನ್ನು 'ಡಿಗ್ರಿ ಪೆಟ್ಟಿಗೆ' ಎನ್ನುತ್ತಿದ್ದರು. ಒಮ್ಮೆ ನಾನು ಕೇಳಿದ್ದೆ, "ಅಪ್ಪಯ್ಯಾ, ನಮ್ಮ ಅಕ್ಷರಕ್ಕೆ ದೊಡ್ಡದು ಯಾಕಿಲ್ಲ?" ಅವರು ಸ್ಟಿಕ್ಕಿನಿಂದ ತಲೆ ಎತ್ತದೇ ಹೇಳಿದರು, "ನಮ್ಮಲ್ಲಿ ಶ್ರೀ ಇದೆಯಲ್ಲೇ ಮಗಳೇ."

ಆ ಮಾತಿನ ಅರ್ಥ ನನಗೆ ಆದದ್ದು ಬಹಳ ತಡವಾಗಿ. ಹೊಸನಗರ ತಾಲ್ಲೂಕಿನ ಹೊಂಬುಜದ ಬಸದಿಯಲ್ಲಿ ಸಾಂತರರ ಕಾಲದ ಶಾಸನಗಳ ಮುಂದೆ ನಿಂತಿದ್ದಾಗ. ನಮ್ಮ ಈ ಮೂರು ತಾಲ್ಲೂಕಿನ ಶಾಸನಗಳನ್ನು, ಸೊರಬದವೂ ಸೇರಿದಂತೆ, ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಹೊಸನಗರ ಆಗ ನಗರ ತಾಲ್ಲೂಕು. ಕಲ್ಲಿನ ಮೇಲೆ ಸಾಲು ತುಂಬಿದರೆ ಪದ ಅರ್ಧಕ್ಕೇ ತುಂಡಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಪದ ಪದದ ನಡುವೆ ಜಾಗ ಇಲ್ಲ. ರಾಜನ ಹೆಸರಿನ ಮೊದಲ ಅಕ್ಷರವೂ ಗದ್ದೆಯ ಎಲ್ಲೆ ಹೇಳುವ ಹಳ್ಳದ ಹೆಸರಿನ ಮೊದಲ ಅಕ್ಷರವೂ ಒಂದೇ ಗಾತ್ರ. ಮರ್ಯಾದೆ ಕೊಡಬೇಕಾದಲ್ಲಿ ಸ್ವಸ್ತಿ, ಶ್ರೀಮತು, ಶ್ರೀಮನ್ಮಹಾಮಂಡಳೇಶ್ವರ ಎಂದು ಮಾತು ಪೇರಿಸಿದರು. ಅಕ್ಷರವನ್ನು ಹಿಗ್ಗಿಸಲಿಲ್ಲ. ಕೆಳದಿಯ ಸಂಗ್ರಹಾಲಯದ ತಾಳೆಗರಿಗಳಲ್ಲೂ ಅಷ್ಟೇ. ಈಗಲೂ ನಾವು ಹಿರಿಯರ ಹೆಸರಿಗೆ 'ರು' ಹಚ್ಚುತ್ತೇವೆ, 'ಅವರು' ಎನ್ನುತ್ತೇವೆ. ವಾಕ್ಯದ ಕೊನೆಗೆ ಚುಕ್ಕೆ ಇಡುವುದು, ಹೆಸರಿನ ಹಿಂದೆ ಇನಿಷಿಯಲ್ ಇಟ್ಟು ಅದಕ್ಕೊಂದು ಚುಕ್ಕೆ ಹಾಕುವುದು, ಇವೆಲ್ಲ ಅಚ್ಚಿನ ಜೊತೆಗೆ, ಇಂಗ್ಲಿಷ್ ಶಾಲೆಯ ಜೊತೆಗೆ ಬಂದವು. ಆ ಚುಕ್ಕೆಯ ಮಾತು ಮುಂದೆ ಬರುತ್ತದೆ. ಯಂತ್ರ ನಮ್ಮನ್ನು ಹಿಡಿದದ್ದು ಅಲ್ಲಿಯೇ.

1983ರಲ್ಲಿ ಅಪ್ಪಯ್ಯ ನನ್ನನ್ನು ತೀರ್ಥಹಳ್ಳಿಯ ಅತ್ತೆ ಮನೆಯಲ್ಲಿ ಬಿಟ್ಟು ಟೈಪಿಂಗ್ ಕಲಿಯಲು ಹಾಕಿದರು. ಮಹಡಿಯ ಮೇಲೆ ಇನ್‌ಸ್ಟಿಟ್ಯೂಟ್. ಹನ್ನೆರಡು ಮೆಷಿನ್, ಅದರಲ್ಲಿ ಕನ್ನಡದವು ನಾಲ್ಕು. ಜುಲೈ ತಿಂಗಳಲ್ಲಿ ಹೊರಗೆ ತುಂಗೆ ಕೆಂಪಾಗಿ ಹರಿಯುತ್ತಿದ್ದರೆ ಒಳಗೆ ಹಂಚಿನ ಮೇಲಿನ ಮಳೆಯ ಸದ್ದಿಗೂ ಮೆಷಿನ್ನಿನ ಸದ್ದಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕನ್ನಡದ ಬೆರಳಚ್ಚು ಕೀಲಿಮಣೆ ರೂಪಿಸಿದವರು ಕೆ. ಅನಂತಸುಬ್ಬರಾಯರು. ಅಷ್ಟೊಂದು ಕಾಗುಣಿತ, ಅಷ್ಟೊಂದು ಒತ್ತಕ್ಷರವನ್ನು ನಲವತ್ತಾರು ನಲವತ್ತೇಳು ಕೀಲಿಗಳಲ್ಲಿ ಹಿಡಿಸಲು ಅವರು ಅಕ್ಷರವನ್ನು ಒಡಲು, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಬಿಡಿಸಿದ್ದರು. ಕೆಲವು ಕೀಲಿ ಒತ್ತಿದರೆ ಕಾಗದ ಸರಿಯುವುದಿಲ್ಲ, ಗುರುತು ಮಾತ್ರ ಬೀಳುತ್ತದೆ. ಅಲ್ಲೂ ಶಿಫ್ಟ್ ಇತ್ತು. ಆದರೆ ಶಿಫ್ಟ್ ಒತ್ತಿದರೆ ಅದೇ ಅಕ್ಷರ ದೊಡ್ಡದಾಗುತ್ತಿರಲಿಲ್ಲ, ಬೇರೆಯದೇ ಅಕ್ಷರ ಬರುತ್ತಿತ್ತು. ಕನ್ನಡದ ಟೈಪಿಸ್ಟಿಗೆ ಶಿಫ್ಟ್ ಎಂದರೆ ಮಹಡಿ ಇದ್ದ ಹಾಗೆ. ಒಂದೇ ಕಂಬದ ಮೇಲೆ ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಕಂಬ ಒಂದೇ ಎಂಬುದು ಬಿಟ್ಟರೆ ಅವಕ್ಕೆ ಸಂಬಂಧವಿಲ್ಲ.

ಅಲ್ಲಿ ಕಲಿಸಿದ ಮೊದಲ ಪಾಠ ಎಂದರೆ ಕೀಲಿ ನೋಡಬಾರದು, ಕಾಗದ ನೋಡಬಾರದು, ಕಣ್ಣು ಮೂಲಪ್ರತಿಯ ಮೇಲೇ ಇರಬೇಕು. ಮೇಷ್ಟ್ರು ಕೀಲಿಗಳ ಮೇಲೆ ರಟ್ಟಿನ ಗೂಡು ಮುಚ್ಚಿಡುತ್ತಿದ್ದರು. ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ನಾನು ಹಾಗೆಯೇ ಪಾಸು ಮಾಡಿದೆ. ಆ ಪಾಠದ ಹಿಂದೆ ಒಂದು ನಂಬಿಕೆ ಇತ್ತು. ಬಿದ್ದ ಅಕ್ಷರ ಬಿದ್ದಲ್ಲೇ ಇರುತ್ತದೆ. ತಪ್ಪಾದರೆ ಅದು ನನ್ನ ಬೆರಳಿನ ತಪ್ಪು. ಕಲ್ಲು ಕೆತ್ತಿದವನಿಗೂ, ತಾಳೆಗರಿಯಲ್ಲಿ ಕಂಟ ಊರಿದವನಿಗೂ, ನನ್ನ ಅಪ್ಪಯ್ಯನಿಗೂ ಇದ್ದದ್ದು ಇದೇ ನಂಬಿಕೆ. ಕೂರಿಸಿದ ಮೊಳೆ ರಾತ್ರಿ ಎದ್ದು ಬೇರೆ ಮೊಳೆಯಾಗುವುದಿಲ್ಲ.

ಮದುವೆಯಾಗಿ ಹೊಸನಗರಕ್ಕೆ ಹೋದೆ. ನಮ್ಮ ಭಾವ ಅರ್ಜಿ ಬರೆಯುವವರು. ತಾಲ್ಲೂಕು ಕಚೇರಿಯ ಎದುರು ಹಲಸಿನ ಮರದಡಿ ಒಂದು ಮೇಜು, ಒಂದು ಬೆಂಚು, ಛಾಪಾಕಾಗದದ ಕಟ್ಟು. ಅವರು ಬರೆದದ್ದನ್ನು ನಾನು ಟೈಪ್ ಮಾಡುತ್ತಿದ್ದೆ. 1991ರಲ್ಲಿ ಬಗರ್‌ಹುಕುಂ ಅರ್ಜಿ, ಫಾರಂ 50 ಬಂದಾಗ ಬೆಳಿಗ್ಗೆ ಏಳಕ್ಕೇ ಬೆಂಚು ತುಂಬಿರುತ್ತಿತ್ತು. ಅರ್ಜಿಯ ಭಾಷೆಯೇ ಬೇರೆ. ಇಂಥವರ ಮಗ ಎನ್ನಲು 'ಬಿನ್', ಇಂಥವರ ಹೆಂಡತಿ ಎನ್ನಲು 'ಕೋಂ', ಜಮೀನಿನ ನಾಲ್ಕು ದಿಕ್ಕಿಗೆ 'ಚಕ್ಕುಬಂದಿ'. ನಮ್ಮ ಕಡೆ ಅಂಥ ಒಂದೊಂದು ಹಾಳೆಯ ಹಿಂದೆಯೂ ಉದ್ದದ ಕತೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಸಾಗರ, ಹೊಸನಗರ ತಾಲ್ಲೂಕಿನ ಶರಾವತಿ ದಂಡೆಯ ಊರುಗಳು ನೀರಿನಡಿ ಹೋದವು. ಎದ್ದು ಹೊರಟವರನ್ನು ಕಾಡಿನಂಚುಗಳಲ್ಲಿ, ತೀರ್ಥಹಳ್ಳಿ ಕಡೆ, ಶಿವಮೊಗ್ಗ ಕಡೆ ಇಳಿಸಿದರು. ಕೊಟ್ಟ ನೆಲದ ಹಕ್ಕುಪತ್ರದ ವ್ಯಾಜ್ಯ ಇನ್ನೂ ಮುಗಿದಿಲ್ಲ. ನನ್ನ ನೀಲಿ ಫೈಲಿನ ಹಾಳೆ ಅಂಥ ಮುಳುಗಡೆಯವರ ಪಟ್ಟಿ. ಮೂರೂ ತಾಲ್ಲೂಕಿನ ಹೆಸರು ಒಂದೇ ಹಾಳೆಯಲ್ಲಿ ಬಂದದ್ದು ಅದಕ್ಕೇ. ಬಿಟ್ಟ ಊರು ಒಂದು ಕಡೆ, ಬಂದ ಊರು ಇನ್ನೊಂದು ಕಡೆ.

1999ರಲ್ಲಿ ಸಾಗರಕ್ಕೆ ಬಂದು ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಯುಪಿಎಸ್. ಅಪ್ಪಯ್ಯನ ಪ್ರೆಸ್ಸು ಅಷ್ಟರಲ್ಲಿ ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರಿ ಆಗಿತ್ತು. ಮದುವೆ ಕಾಗದ, ಗೃಹಪ್ರವೇಶ, ಯಕ್ಷಗಾನದ ಕರಪತ್ರ ಎಲ್ಲ ಪೇಜ್‌ಮೇಕರಿನಲ್ಲಿ. ಅರ್ಜಿ, ಪಟ್ಟಿ, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲ ಮೈಕ್ರೋಸಾಫ್ಟ್ ವರ್ಡಿನಲ್ಲಿ. ಕನ್ನಡಕ್ಕೆ ಮೊದಲು ಶ್ರೀಲಿಪಿ, ಆಮೇಲೆ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ತಂದ ಬರಹ, ಅದಾದ ಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಕ ಬೇಕೆಂದರೆ ಕೆ, ಖ ಬೇಕೆಂದರೆ ಶಿಫ್ಟ್ ಹಿಡಿದು ಕೆ. ನ-ಕ್ಕೆ ಎನ್, ಣ-ಕ್ಕೆ ಶಿಫ್ಟ್ ಎನ್. ಟೈಪ್‌ರೈಟರಿನ ಕೈ ಇದ್ದ ನನಗೆ ಮೊದಲ ಎರಡು ವಾರ ಅಳು ಬಂದಿತ್ತು, ಮೂರನೆಯ ವಾರಕ್ಕೆ ಇದಕ್ಕಿಂತ ಸರಳವಾದದ್ದು ಇನ್ನಿಲ್ಲ ಎನ್ನಿಸಿತು.

ಈಗ ಒಳಗಿನ ಗುಟ್ಟು ಹೇಳಬೇಕು. ಆಗಿನ ಕನ್ನಡ ಫಾಂಟುಗಳಿಗೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಇರಲಿಲ್ಲ. ಇದ್ದದ್ದು ಒಟ್ಟು 256 ಮನೆಗಳ ಒಂದು ಕೇಸು, ಅದೂ ಇಂಗ್ಲಿಷಿನದು, ಯೂರೋಪಿನ ಇನ್ನು ಕೆಲವು ಭಾಷೆಗಳದು. ಕನ್ನಡ ಫಾಂಟು ಮಾಡಿದವರು ಆ ಮನೆಗಳ ಒಳಗಿನ ಚಿತ್ರಗಳನ್ನು ತೆಗೆದು ಕನ್ನಡದ ಚೂರುಗಳನ್ನು ಇಟ್ಟರು. ಬಾಗಿಲಿನ ಮೇಲಿನ ಫಲಕ ಮಾತ್ರ ಇಂಗ್ಲಿಷಿನದೇ ಉಳಿಯಿತು. ಕಂಪ್ಯೂಟರ್ ಓದುವುದು ಫಲಕವನ್ನು, ನಾವು ನೋಡುವುದು ಒಳಗಿನ ಚಿತ್ರವನ್ನು. ನುಡಿಯಲ್ಲಿ, ಅದೇ ಸಂಕೇತ ಅನುಸರಿಸಿದ ಬರಹದಲ್ಲಿ, 'ಕ'ದ ಒಡಲು ದೊಡ್ಡ 'ಪಿ'ಯ ಮನೆಯಲ್ಲಿ. 'ತಿ' ಇದ್ದದ್ದು ಸಣ್ಣ ಡಬ್ಲ್ಯುವಿನ ಮನೆಯಲ್ಲಿ. ದೊಡ್ಡ ಡಬ್ಲ್ಯುವಿನ ಮನೆಯಲ್ಲಿ 'ಘ'ದ ಒಡಲು. ನಾನು ತಿ ಎಂದು ಬರೆದರೆ ವರ್ಡ್ ಅದನ್ನು ಸಣ್ಣ ಡಬ್ಲ್ಯು ಎಂದು ಓದುತ್ತದೆ. ಓಹೋ, ಸಾಲಿನ ಮೊದಲಿಗೆ ಸಣ್ಣಕ್ಷರ ಬಿತ್ತು ಎಂದು ತಿದ್ದಿ ದೊಡ್ಡದು ಮಾಡುತ್ತದೆ. ತಿ ಹೋಗಿ ಬೋಳು ಘ ಬಂದು ಕೂರುತ್ತದೆ.

ಸಾಗರಕ್ಕೆ ಏನೂ ಆಗಲಿಲ್ಲ, ಯಾಕೆಂದರೆ 'ಸ'ದ ಒಡಲು ಇದ್ದದ್ದು ಅಕ್ಷರವೇ ಅಲ್ಲದ ಒಂದು ಗುರುತಿನ ಮನೆಯಲ್ಲಿ. 'ಹ' ಕೂಡ ಹಾಗೆಯೇ. ಗುರುತಿಗೆ ದೊಡ್ಡದು ಸಣ್ಣದು ಎಂಬುದಿಲ್ಲ, ವರ್ಡ್ ಅದನ್ನು ಮುಟ್ಟುವುದಿಲ್ಲ. ಹೀಗಾಗಿ ಮೂರು ತಾಲ್ಲೂಕಿನಲ್ಲಿ ಪೆಟ್ಟು ತಿಂದದ್ದು ತೀರ್ಥಹಳ್ಳಿ ಒಂದೇ. ಯಾವ ಅಕ್ಷರ ಉಳಿಯಿತು, ಯಾವುದು ಹೋಯಿತು ಎಂಬುದಕ್ಕೆ ಕನ್ನಡದಲ್ಲಿ ಯಾವ ಕಾರಣವೂ ಇರಲಿಲ್ಲ. ಫಾಂಟು ಜೋಡಿಸಿದಾಗ ಯಾರು ಯಾವ ಮನೆಗೆ ಬಿದ್ದರೋ ಅದೇ ಅವರ ಹಣೆಬರಹ.

'ತಿ' ಬೋಳು ಘ ಆದರೆ ನೋಡಿದ ಕೂಡಲೇ ತಪ್ಪೆಂದು ತಿಳಿಯುತ್ತದೆ. ನಿಜವಾದ ಅಪಾಯ ಸರಿಯಾದ ಅಕ್ಷರದಂತೆಯೇ ಕಾಣುವ ತಪ್ಪಿನದು. 'ದ'ದ ಒಡಲು ಸಣ್ಣ 'ಜೆಡ್' ಮನೆಯಲ್ಲಿತ್ತು, 'ಚ'ದ ಒಡಲು ದೊಡ್ಡ 'ಜೆಡ್' ಮನೆಯಲ್ಲಿ. ದೇವರು ಸಾಲಿನ ಮೊದಲಿಗೆ ಬಂದರೆ ಚೇವರು ಆದರು. ದರಖಾಸ್ತು ಚರಖಾಸ್ತು ಆಯಿತು. ಸಣ್ಣ 'ಡಿ'ಯಲ್ಲಿ ಜ, ದೊಡ್ಡದರಲ್ಲಿ ಆ. ಜನರು ಆನರು ಆದರು. ಸಣ್ಣ 'ಎಫ್'ನಲ್ಲಿ ಜಿ, ದೊಡ್ಡದರಲ್ಲಿ ಈ. ಜಿಲ್ಲಾ ಎಂದು ಶುರುವಾಗುವ ತಲೆಬರಹ ಈಲ್ಲಾ ಎಂದಾಯಿತು. ನಮ್ಮೂರಿನ ಕಾದಂಬರಿಕಾರ ನಾ. ಡಿಸೋಜ ಮುಳುಗಡೆಯ ಜನರ ಬದುಕನ್ನು ಬರೆದವರು. ಅವರ 'ದ್ವೀಪ'ವನ್ನು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಅದೇ ಕಾಲಕ್ಕೆ ನಾನೊಂದು ಕಾರ್ಯಕ್ರಮದ ಆಹ್ವಾನ ಟೈಪ್ ಮಾಡಿದೆ. 'ನಾ' ಬರೆದು ಚುಕ್ಕೆ ಇಟ್ಟು, ಜಾಗ ಬಿಟ್ಟು, ಡಿಸೋಜ ಎಂದು ಮುಗಿಸುವಷ್ಟರಲ್ಲಿ ಪರದೆಯ ಮೇಲೆ 'ನಾ. ಖಸೋಜ' ಎಂದಿತ್ತು. ಅದನ್ನು ಪುಣ್ಯಕ್ಕೆ ನೋಡಿದೆ. ಚುಕ್ಕೆಯ ಮಾತು ಎಂದೆನಲ್ಲ, ಇದೇ. ಚುಕ್ಕೆ ಬಂತು, ಜಾಗ ಬಂತು ಎಂದರೆ ವಾಕ್ಯ ಮುಗಿಯಿತು ಎಂದು ಯಂತ್ರದ ಲೆಕ್ಕ. ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರೇ ಇಲ್ಲ. ಪ್ರತಿ ಹೆಸರೂ ಅದಕ್ಕೆ ಹೊಸ ವಾಕ್ಯ.

ಕುವೆಂಪು ಅವರ ಹೆಸರಿಗೆ ಏನೂ ಆಗುತ್ತಿರಲಿಲ್ಲ, 'ಕ' ಮೊದಲೇ ದೊಡ್ಡಕ್ಷರದ ಮನೆಯಲ್ಲಿತ್ತು. ಆದರೆ ತೇಜಸ್ವಿ ಎಂದು ವಾಕ್ಯ ಶುರುಮಾಡಿದರೆ ತೇ ಹಾಳಾಗುತ್ತಿತ್ತು. ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಕೊನೆಯ ವರ್ಷಗಳಲ್ಲಿ ಅಷ್ಟು ಓಡಾಡಿದವರ ಹೆಸರು. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು.

ಆದರೆ ನನ್ನ ಕೈಯಿಂದ ಆದ ದೊಡ್ಡ ತಪ್ಪು ಬೇರೆ. ಆ ಪಟ್ಟಿಯ ಕೆಲಸ ತಂದ ಹಿರಿಯರೊಬ್ಬರು ಹೊಸನಗರದ ಆಚೆಯ ಹಳ್ಳಿಯವರು. ಅವರ ಹೆಸರಿನ ಮೊದಲ ಅಕ್ಷರ ದ. ಓದಲು ಬಾರದು. ಮೊಮ್ಮಗನ ಕೈಯಲ್ಲಿ ಹೆಸರುಗಳನ್ನು ಬರೆಸಿಕೊಂಡು ಬಂದಿದ್ದರು. ಟೈಪ್ ಮುಗಿದ ಮೇಲೆ "ಒಂದ್ಸಲ ಓದಿ ಹೇಳಮ್ಮಾ" ಎಂದರು. ಓದಿ ಹೇಳಿದೆ. ಒಂದೊಂದು ಹೆಸರಿಗೂ ಅವರು ತಲೆಯಾಡಿಸಿದರು. ನಾನು ಓದಿದ್ದು ಪ್ರಿಂಟಾದ ಹಾಳೆಯನ್ನಲ್ಲ, ಮೊಮ್ಮಗ ಬರೆದ ಚೀಟಿಯನ್ನು. ತೀರ್ಥಹಳ್ಳಿಯ ಮಹಡಿಯ ಮೇಲೆ ಕಲಿತ ಅಭ್ಯಾಸ, ಕಣ್ಣು ಮೂಲಪ್ರತಿಯ ಮೇಲೆ. ಹಾಳೆಯಲ್ಲಿ ಅವರ ಹೆಸರು ಚ-ದಿಂದ ಶುರುವಾಗಿತ್ತು.

ಹನ್ನೆರಡು ದಿನ ಬಿಟ್ಟು ಅವರು ಮತ್ತೆ ಬಂದರು. ಕೊಡೆಯ ತುದಿಯಿಂದ ನೀರು ಸುರಿಯುತ್ತಿತ್ತು. ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಹಾಳೆಯನ್ನು ಮೇಜಿನ ಮೇಲಿಟ್ಟರು. ಪಹಣಿಯಲ್ಲಿರುವ ಹೆಸರಿಗೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಕಚೇರಿಯಲ್ಲಿ ವಾಪಸ್ ಕೊಟ್ಟಿದ್ದರಂತೆ. "ಅಮ್ಮಾ, ಇದ್ರಲ್ಲಿ ಇರೋದು ನಾನಲ್ವಂತೆ" ಎಂದರು. ಸಿಟ್ಟಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದರು. ಹೊಸ ಹಾಳೆ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಹೋದ ಮೇಲೆ ಆ ತಪ್ಪು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದೆ. ತೀರ್ಥಹಳ್ಳಿ ಆಗ ಕಣ್ಣಿಗೆ ಬಿತ್ತು. ಒಂದೇ ಹಾಳೆಯಲ್ಲಿ ಏಳು ಕಡೆ ಅಕ್ಷರ ಬದಲಾಗಿತ್ತು. ನೀಲಿ ಫೈಲಿನಲ್ಲಿ ಇಟ್ಟದ್ದು ಅದನ್ನೇ.

ಆವತ್ತು ರಾತ್ರಿ ಅಪ್ಪಯ್ಯನಿಗೆ ತೋರಿಸಿದೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಮೊಳೆ ಮನೆ ತಪ್ಪಿದ್ದು" ಎಂದರು. ಅವರ ಕಾಲದಲ್ಲೂ ಅದು ಆಗುತ್ತಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ವಾಪಸ್ ಅವುಗಳ ಮನೆಗೆ ಹಾಕುವಾಗ ಹೊಸ ಹುಡುಗ ದ-ವನ್ನು ಚ-ದ ಮನೆಗೆ ಬಿಟ್ಟರೆ ಮುಂದಿನ ಕೆಲಸದಲ್ಲಿ ತಪ್ಪು ಬರುತ್ತದೆ. "ಆದ್ರೆ ಅದು ಮನುಷ್ಯನ ಕೈತಪ್ಪು. ಪ್ರೂಫಲ್ಲಿ ಸಿಕ್ತದೆ. ನೀನು ಪ್ರೂಫ್ ತೆಗೀತೀಯಾ?" ಎಂದು ಕೇಳಿದರು. ನಾನು ತೆಗೆಯುತ್ತಿರಲಿಲ್ಲ. ಡಿಟಿಪಿ ಬಂದಮೇಲೆ ನಮ್ಮ ಕಸುಬಿನಿಂದ ಮೊದಲು ಬಿಟ್ಟುಹೋದದ್ದು ಪ್ರೂಫ್ ರೀಡರು.

ಮರುದಿನದಿಂದ ದಾರಿ ಹುಡುಕತೊಡಗಿದೆ. ಶಿವಮೊಗ್ಗದ ಒಬ್ಬರು ಫೋನಿನಲ್ಲಿ ಹೇಳಿಕೊಟ್ಟರು. ಟೂಲ್ಸ್ ಮೆನು, ಅದರಲ್ಲಿ ಆಟೋಕರೆಕ್ಟ್, ಅಲ್ಲಿ ಸಾಲಾಗಿ ಟಿಕ್ ಹಾಕಿದ ಚೌಕಗಳು. ವಾಕ್ಯದ ಮೊದಲ ಅಕ್ಷರ, ಕೋಷ್ಟಕದ ಮನೆಯ ಮೊದಲ ಅಕ್ಷರ, ಮೊದಲೆರಡು ದೊಡ್ಡಕ್ಷರ, ಕ್ಯಾಪ್ಸ್‌ಲಾಕ್. ಎಲ್ಲ ಟಿಕ್ಕೂ ತೆಗೆದೆ. ವರ್ಡಿನಲ್ಲಿ ಈ ತಾನೇ ತಿದ್ದುವ ಏರ್ಪಾಡು 1993ರಿಂದ ಇತ್ತಂತೆ. ಹತ್ತು ವರ್ಷದ ಮೇಲೆ ಸಾಗರದ ಒಂದು ಅಂಗಡಿಯಲ್ಲಿ ಅದು ನಿಂತಿತು. ನಿಂತಿತು ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಸಿಡಿಲು. ಸಿಡಿಲು ಬಡಿದರೆ ಕಂಪ್ಯೂಟರ್ ಹೋಗುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿ ವರ್ಡ್ ಹೊಸದಾಗಿ ಹಾಕಿಕೊಡುತ್ತಾರೆ, ತೆಗೆದ ಟಿಕ್ಕುಗಳೆಲ್ಲ ಮತ್ತೆ ತಮ್ಮ ಜಾಗಕ್ಕೆ ಬಂದು ಕೂತಿರುತ್ತವೆ. ಅದಕ್ಕಾಗಿ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದೆ, 'ಟಿಕ್ ತೆಗೆ' ಎಂದು. ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ನನಗೆ ಗೊತ್ತಿದ್ದ ಅಂಗಡಿಯವರಿಗೆಲ್ಲ ಹೇಳಿದೆ. ಟಿಕ್ ಎಲ್ಲಿದೆ ಎಂದು ಹುಡುಕುವ ತಾಳ್ಮೆ ಇಲ್ಲದವರು ಬೇರೆ ಉಪಾಯ ಮಾಡಿಕೊಂಡಿದ್ದರು, ಇನಿಷಿಯಲ್ ಆದಮೇಲೆ ಜಾಗವನ್ನೇ ಬಿಡುತ್ತಿರಲಿಲ್ಲ. ಜಾಗ ಇಲ್ಲದಿದ್ದರೆ ಯಂತ್ರಕ್ಕೆ ವಾಕ್ಯ ಮುಗಿದದ್ದು ತಿಳಿಯುವುದಿಲ್ಲ. ಆ ಕಾಲದ ಕರಪತ್ರಗಳಲ್ಲಿ ಇನಿಷಿಯಲ್ಲೂ ಹೆಸರೂ ಅಂಟಿಕೊಂಡಿರುವುದು ಕಂಡರೆ ಟೈಪ್ ಮಾಡಿದವರ ಸೋಮಾರಿತನ ಎಂದುಕೊಳ್ಳಬೇಡಿ.

ಮದುವೆ ಕಾಗದಗಳಿಗೆ ಈ ಕಾಟ ತಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಪೇಜ್‌ಮೇಕರ್ ತಾನಾಗಿ ಅಕ್ಷರ ತಿದ್ದುವುದಿಲ್ಲ. ಅಂದರೆ ಹೆಸರು ಚೆನ್ನಾಗಿ ಕಾಣಲಿ ಎಂದು ಮಾಡಿಸುವ ಕಾಗದ ಸರಿಯಾಗಿ ಬಂತು, ಹೆಸರಿನ ಮೇಲೆ ನೆಲ ನಿಂತಿದ್ದ ಕಾಗದ ಕೆಟ್ಟಿತು.

ಇನ್ನೊಂದು ಘಟನೆ 2007ರದು. ಶಾಲೆಯೊಂದರ ಸ್ಮರಣ ಸಂಚಿಕೆ, ನೂರಾ ಹತ್ತು ಪುಟ. ಸಹಾಯಕ್ಕಿದ್ದ ಹುಡುಗಿ ಪೂರ್ತಿ ಲೇಖನ ಆರಿಸಿಕೊಂಡು ಅಕ್ಷರದ ಗಾತ್ರ ಬದಲಿಸಲು ಹೋಗಿ ಶಿಫ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿಬಿಟ್ಟಳು. ಇಂಗ್ಲಿಷಿನಲ್ಲಿ ಅದು ಆರಿಸಿದ್ದನ್ನೆಲ್ಲ ಸಣ್ಣಕ್ಷರಕ್ಕೋ ದೊಡ್ಡಕ್ಷರಕ್ಕೋ ತಿರುಗಿಸುವ ಕೀಲಿ. ಪುಟವೆಲ್ಲ ಕಲಸಿಹೋಯಿತು. ಕ ಇದ್ದಲ್ಲೆಲ್ಲ ಠಿ. ತಲೆಕಟ್ಟು ಇದ್ದಲ್ಲೆಲ್ಲ ಪ-ದ ಒತ್ತು, ಯಾಕೆಂದರೆ ತಲೆಕಟ್ಟಿನ ಮನೆಯ ಸಣ್ಣಕ್ಷರದಲ್ಲಿ ಇದ್ದದ್ದು ಪ ಒತ್ತು. ಕನ್ನಡ ಎಂಬ ಪದವೇ ಗುರುತು ಸಿಗದ ಹಾಗೆ ಆಯಿತು. ಅವಳು ಹೆದರಿ ಸೇವ್ ಮಾಡಿ ಮುಚ್ಚಿದ್ದಳು. ಮುಚ್ಚದಿದ್ದರೆ ಹಿಂದಕ್ಕೆ ತರಬಹುದಿತ್ತು. ಮುಚ್ಚಿದ ಮೇಲೆ ಯಾವ ಠಿ ನಿಜವಾದ ಠಿ, ಯಾವುದು ಮೊದಲು ಕ ಆಗಿದ್ದದ್ದು ಎಂದು ಹೇಳಲು ದಾರಿಯಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಬರೆದ ಹನ್ನೊಂದು ಪುಟದ ಲೇಖನವನ್ನು ನಾವಿಬ್ಬರೂ ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು. ಅವಳು ಓದುತ್ತಿದ್ದಳು, ನಾನು ಹೊಡೆಯುತ್ತಿದ್ದೆ. ಆ ಸಲ ಕಣ್ಣು ಪರದೆಯ ಮೇಲಿತ್ತು.

ಇದಕ್ಕೆಲ್ಲ ಮದ್ದು ಆಗಲೇ ಇತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆಗಳು ಸಿಕ್ಕಿದ್ದವು, 128 ಜಾಗ. ಅಲ್ಲಿ ತಿ ಎಂದರೆ ತ ಮತ್ತು ಗುಡಿಸು, ಫಲಕವೂ ಕನ್ನಡದ್ದೇ. ದೊಡ್ಡದು ಮಾಡು ಎಂದರೆ ಮಾಡಲಿಕ್ಕೆ ದೊಡ್ಡದು ಇಲ್ಲ, ಯಂತ್ರ ಸುಮ್ಮನಿರುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಬಂದಿತ್ತು. ನಮ್ಮ ತೀರ್ಥಹಳ್ಳಿಯ ಹೊಳೆಯ ಹೆಸರು. ಆದರೆ ನಾವು ಅನ್ನ ತಿನ್ನುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಿರಲಿಲ್ಲ. ಪ್ರೆಸ್ಸಿನವರು ಕೇಳುತ್ತಿದ್ದದ್ದು ನುಡಿ ಫಾಂಟು. ಕಚೇರಿಯವರು ಕಳಿಸುತ್ತಿದ್ದದ್ದು ನುಡಿಯ ಕಡತ. ಒಬ್ಬರು ಬದಲಿಸಿದರೆ ಆಗುವ ಕೆಲಸವಾಗಿರಲಿಲ್ಲ. ನಾನು ಪೂರ್ತಿ ಯೂನಿಕೋಡಿಗೆ ಬಂದದ್ದು 2014ರಲ್ಲಿ.

ಹಳೆಯ ಕಡತಗಳನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ, ಒಳ್ಳೆಯವೇ. ಆದರೆ ಅವು ಫಲಕ ನೋಡಿ ಬದಲಿಸುತ್ತವೆ. 2003ರಲ್ಲಿ ಚ ಆದದ್ದು ಅಲ್ಲಿ ಅಚ್ಚುಕಟ್ಟಾಗಿ ಯೂನಿಕೋಡಿನ ಚ ಆಗುತ್ತದೆ. ಮೊದಲು ತಪ್ಪು ಮುಖವಾಡದಲ್ಲಿತ್ತು, ಈಗ ಅದಕ್ಕೆ ಸ್ವಂತ ಮನೆ ಸಿಕ್ಕಿದೆ. ಆ ವರ್ಷಗಳ ಪಟ್ಟಿಗಳನ್ನು ಇಟ್ಟುಕೊಂಡ ಸಂಘ-ಸಂಸ್ಥೆಯವರು ಯಾರೇ ಕೇಳಿದರೂ ನಾನು ಹೇಳುವುದು ಒಂದೇ, ಪರಿವರ್ತಿಸಿದ ಮೇಲೆ ಮೂಲ ಕೈಬರಹದ ಪಕ್ಕ ಇಟ್ಟುಕೊಂಡು ಪ್ರತಿ ಹೆಸರಿನ ಮೊದಲ ಅಕ್ಷರ ನೋಡಿ. ದ-ದವರು, ಜ-ದವರು, ತ-ದವರು, ರ-ದವರು. ಅಲ್ಲೇ ಇರುತ್ತದೆ.

ಫೋನು ಬಂದಮೇಲೆ ಈ ಕಾಟ ಹೋಯಿತೆಂದುಕೊಂಡಿದ್ದೆ. ಅಮೆರಿಕದಲ್ಲಿರುವ ತಮ್ಮನ ಮಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಮಾಡುವ ಯಾವುದೋ ಕೀಲಿಮಣೆ ಬಳಸುತ್ತಾನೆ. ಸಣ್ಣ ಟಿ ತ, ದೊಡ್ಡ ಟಿ ಟ. ಫೋನು ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. 'ತಂಗಿ ಹೇಗಿದ್ದಾಳೆ ಅತ್ತೆ' ಎಂದು ಕೇಳಿದ್ದು 'ಟಂಗಿ' ಎಂದು ಬಂತು. ಅವನಿಗೂ ಅದೇ ಹೇಳಿದೆ, ಟಿಕ್ ತೆಗೆ.

ಹೋದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತೈದರ ಒಳಗಿನವಳು. ಅಜ್ಜನ ಕಾಲದಲ್ಲಿ ನಿಮ್ಮಲ್ಲಿ ಒಂದು ಪಟ್ಟಿ ಮಾಡಿಸಿದ್ದರಂತೆ, ಅದರ ಪ್ರತಿ ಬೇಕು ಎಂದಳು. ಹೆಸರು ಹೇಳಿದಳು, ದ-ದಿಂದ ಶುರುವಾಗುವ ಹೆಸರು. ಹಳೆಯ ಸಿಡಿ ಹುಡುಕಿ, ನುಡಿ ಉಳಿದಿರುವ ಹಳೆಯ ಕಂಪ್ಯೂಟರ್ ಹಚ್ಚಿ ಕಡತ ತೆರೆದೆ. ತಿದ್ದಿದ ಪ್ರತಿಯೇ ಸಿಕ್ಕಿತು. ಪರಿವರ್ತಕಕ್ಕೆ ಹಾಕಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆರೆದು ನಲವತ್ತೆರಡು ಹೆಸರನ್ನೂ ಮತ್ತೆ ಹೊಡೆದೆ. ಪ್ರಿಂಟ್ ತೆಗೆದು, ಹಾಳೆಯ ಮೇಲೆ ಬೆರಳಿಟ್ಟು ಅವಳಿಗೆ ಓದಿ ಹೇಳಿದೆ. ಒಂಬತ್ತನೆಯ ಸಾಲಿಗೆ ಬಂದಾಗ ಅವಳು ಬಗ್ಗಿ ನೋಡಿದಳು. "ಹೌದು, ಇದು ಅಜ್ಜನೇ" ಎಂದಳು. ನಾನು ಹತ್ತನೆಯ ಹೆಸರು ಓದಿದೆ.